ನಕ್ಷತ್ರಗಳ ನಡುವಿನ ಲಾರಿ

ಪ್ರಶಾಂತಿ ಆ ಲಾರಿಯ ಬಗ್ಗೆ ಒಂಬತ್ತು ಅಂಶ ಬರೆಯದೇ ಇದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಕತೆ ತನ್ನ ಪಾಡಿಗೆ ಬರುತ್ತಿತ್ತು. ಓದುವ ಹದಿನಾಲ್ಕು ಜನ ಓದುತ್ತಿದ್ದರು.

ಪ್ರಶಾಂತಿ ಗಡಿಯಾಚೆ, ತೆಲುಗು ಸೀಮೆಯ ನಾರಾಯಣಪೇಟೆಯ ನೇಕಾರರ ಮಗಳು. ಮಕ್ತಲ್‌ನ ಹುಡುಗಿಯರ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ನಾರಾಯಣಪೇಟೆ ಜಿಲ್ಲೆಯಾಗಿ ಮೂರು ವರ್ಷವಾಗಿತ್ತು. ಹಾಸ್ಟೆಲ್‌ನ ಬೋರ್ಡು ಹೊಸದು, ಲೈಬ್ರರಿ ಹಳೆಯದು. ಲೈಬ್ರರಿ ಎಂದರೆ ಎರಡು ಕಬ್ಬಿಣದ ಬೀರು. ಒಂದರ ತುಂಬ ನೌಕರಿ ಪರೀಕ್ಷೆಯ ತೆಲುಗು ಗೈಡುಗಳು. ಇನ್ನೊಂದರ ಬೀಗದ ಕೈ ಕಳೆದುಹೋಗಿ ಎಷ್ಟು ದಿನವಾಯಿತೆಂದು ವಾರ್ಡನ್‌ಗೂ ನೆನಪಿರಲಿಲ್ಲ. ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತ ಪ್ರಶಾಂತಿಗೆ ಕನ್ನಡದಲ್ಲಿ ಓದಲು ಸಿಗುತ್ತಿದ್ದದ್ದು ಫೋನಿನಲ್ಲಿ ಮಾತ್ರ, ಅದೂ ಯಾರು ಬೇಕಾದರೂ ಕತೆ ಹಾಕಬಹುದಾದ ಒಂದು ಆ್ಯಪ್‌ನಲ್ಲಿ. ಅಲ್ಲಿ ನೂರಕ್ಕೆ ತೊಂಬತ್ತು ಕಾಲೇಜು ಪ್ರೀತಿ, ಉಳಿದದ್ದು ಅತ್ತೆ ಸೊಸೆ ಮತ್ತು ದೆವ್ವ. ಅವುಗಳ ಕೆಳಗೆ ಎಲ್ಲೋ ಬಿದ್ದಿದ್ದ 'ಎರಡು ಲೋಕದ ಅಂಚು' ಅವಳ ಕಣ್ಣಿಗೆ ಬಿದ್ದು ಒಂದು ವರ್ಷ ಎರಡು ತಿಂಗಳಾಗಿತ್ತು. ಬರೆಯುವವರ ಹೆಸರು 'ಅಂಚಿನಾಕಿ'. ಫೋಟೋ ಇಲ್ಲ, ಊರಿಲ್ಲ, ಪರಿಚಯವಿಲ್ಲ.

ಕತೆ ಹೀಗಿತ್ತು. ಎರಡು ಲೋಕಗಳು ಪಕ್ಕಪಕ್ಕದಲ್ಲಿವೆ. ಒಂದು ಬೆಳ್ಳಗೆ, ಮೆತ್ತಗೆ, ನೀರು ಬಿದ್ದರೆ ಕುಡಿದುಬಿಡುತ್ತದೆ. ಇನ್ನೊಂದು ಹೊಳೆಯುತ್ತದೆ, ಮುಟ್ಟಿದರೆ ಜಾರುತ್ತದೆ. ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಅವೆರಡೂ ಸೇರುವ ಅಂಚಿನಲ್ಲಿ ಆಕಾಶ ಸದಾ ಬಿರುಕು ಬಿಡುತ್ತಿರುತ್ತದೆ. ಬಿರುಕನ್ನು ಕೂಡಿಸಲು ಮೂರು ಲಾರಿಗಳು ಬೆಳಗಿನಿಂದ ಸಂಜೆಯವರೆಗೆ ಅತ್ತಿಂದಿತ್ತ ಓಡಾಡುತ್ತವೆ. ಒಂದೊಂದು ಓಟಕ್ಕೆ ಆಕಾಶ ಒಂದು ಕೂದಲೆಳೆಯಷ್ಟು ಬೆಳೆಯುತ್ತದೆ. ಲಾರಿಗಳನ್ನು ಓಡಿಸುವವರು ಇಬ್ಬರೇ. ಈಚೆ ತುದಿಯಲ್ಲಿ ನೀಲವ್ವ ಎಂಬ ಹುಡುಗಿ, ಆಚೆ ತುದಿಯಲ್ಲಿ ಅವಳು ಮುಖವನ್ನೇ ಕಂಡಿರದ ಒಬ್ಬ ಗಂಡಸು. ಲಾರಿಯ ಹೊಟ್ಟೆಯಲ್ಲಿ ಕಾಣಿಕೆ ಇರುತ್ತದೆ. ಕಾಣಿಕೆ ಮುಗಿದರೆ ಲಾರಿ ನಿಂತುಬಿಡುತ್ತದೆ. ಬೇರೆ ಕಾಣಿಕೆ ತುಂಬಿ ಮತ್ತೆ ಬಿಡಬೇಕು.

ಪ್ರಶಾಂತಿ ಇದನ್ನು ಕೆಮಿಸ್ಟ್ರಿ ಲ್ಯಾಬಿನಲ್ಲಿ ಓದಿದಳು, ಊಟದ ಸಾಲಿನಲ್ಲಿ ನಿಂತು ಓದಿದಳು. 'ಮಕ್ತಲ್ ಓದುಗಿ' ಎಂಬ ಹೆಸರಿನಲ್ಲಿ ಪ್ರತಿ ಅಧ್ಯಾಯಕ್ಕೂ ಕಾಮೆಂಟ್ ಹಾಕಿದಳು. ಸಾಲದ್ದಕ್ಕೆ ಮೆಸೇಜನ್ನೂ ಕಳಿಸಿದಳು. ಒಂದಕ್ಕೂ ಉತ್ತರ ಬರಲಿಲ್ಲ. ದೊಡ್ಡ ಲೇಖಕರು ಹಾಗೇ ಇರುತ್ತಾರೆ ಎಂದುಕೊಂಡಳು.

ಉಟ್ಕೂರಿನ ಬಸವೇಶ್ವರಿ ಅವಳ ರೂಮಿನವಳು. ಇಪ್ಪತ್ತೊಂಬತ್ತನೇ ಅಧ್ಯಾಯವನ್ನು ಜೋರಾಗಿ ಓದಿಸಿಕೊಂಡು ಅವಳು ಕೇಳಿದಳು: "ಲಾರಿ ಯಾಕಲೇ? ಅವರ ಬಲ್ಲಿ ರಾಕೆಟ್ ಇಲ್ಲೇನು?"

"ಅದಾ ಮಜಾ ಇರೋದು. ರಾಕೆಟ್ ಸರ್ಕಾರದ್ದು. ಲಾರಿ ಓಡಿಸಾಕಿದ್ದು."

"ಲಾರಿ ಕೈಲೆ ಹಿಡದು ಆಚಿ ತುದೀಗೆ ಒಗೀತಾಳಲ್ಲ?"

"ಅವರ ಲೋಕದಾಗ ತೂಕ ಕಡಿಮಿ ಇರತೈತಿ. ಸೈನ್ಸ್ ಓದೀದಿಲ್ಲ ನೀನು?"

"ನಿನ್ನ ಬಲ್ಲಿ ಎಲ್ಲದಕ್ಕೂ ಜವಾಬ್ ಐತಿ. ಬರದು ಹಾಕು, ಮಂದಿ ಓದಲಿ."

ಬರೆದು ಹಾಕಿದಳು. ಫೇಸ್‌ಬುಕ್ಕಿನಲ್ಲಿ ಕನ್ನಡ ಓದುಗರ ಒಂದು ದೊಡ್ಡ ಗುಂಪಿತ್ತು. ಅಲ್ಲೂ ಅದೇ 'ಮಕ್ತಲ್ ಓದುಗಿ' ಹೆಸರಿನಲ್ಲಿ, 'ಲಾರಿಯೇ ಏಕೆ?' ಎಂದು ಶೀರ್ಷಿಕೆ ಕೊಟ್ಟು ಒಂಬತ್ತು ಅಂಶ ಬರೆದಳು. ರಾಕೆಟ್ ಹೋದರೆ ಹೋಯಿತು, ಲಾರಿ ವಾಪಸು ಬರುತ್ತದೆ ಎನ್ನುವುದು ನಾಲ್ಕನೆಯದು. ತೂಕದ ವಿಷಯ ಐದನೆಯದು. ಏಳನೆಯದರ ಮೇಲೆ ಅವಳಿಗೆ ಬಹಳ ಅಭಿಮಾನ. ಘಾಟಿ ಹತ್ತುವ ಮೊದಲು ಲಾರಿ ಡ್ರೈವರುಗಳು ಗುಡಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ಈ ಕತೆಯಲ್ಲಿ ಡೀಸೆಲ್ ಬದಲು ಕಾಣಿಕೆ ತುಂಬುವುದು ಅದೇ ಕಾರಣಕ್ಕೆ. ಇಲ್ಲಿ ಭಕ್ತಿಯೇ ಇಂಧನ.

ಎರಡು ದಿನ ಯಾರೂ ಅದನ್ನು ಮೂಸಲಿಲ್ಲ. ಮೂರನೇ ದಿನ ಯಾರೋ ಒಬ್ಬ ಚಿತ್ರ ಮಾಡಿ ಹಾಕಿದ. ಚುಕ್ಕಿಗಳ ನಡುವೆ ಒಂದು ಲಾರಿ, ಹಿಂದೆ 'ಹಾರ್ನ್ ಪ್ಲೀಸ್', ಕೆಳಗೆ 'ಭಕ್ತಿಯೇ ಇಂಧನ'. ಅದು ಊರೂರು ತಿರುಗಿತು. ನಗುವುದಕ್ಕೆಂದೇ ಎರಡು ಸಾವಿರ ಜನ ಕತೆಯ ಪುಟಕ್ಕೆ ಬಂದರು. 'ಪರ್ಮಿಟ್ ಇದೆಯಾ ಮೇಡಂ?' ಎಂದು ಒಬ್ಬ. 'ಓವರ್‌ಲೋಡ್ ಆದರೆ ಗ್ರಹಣ ಆಗುತ್ತಾ?' ಎಂದು ಇನ್ನೊಬ್ಬ. ಪ್ರಶಾಂತಿ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ಕೂತಳು. ಅವಳು ಸಿಟ್ಟಾದಷ್ಟೂ ಅವರಿಗೆ ಮೇವು ಸಿಕ್ಕಿತು.

ಗುರುವಾರ ಮಧ್ಯಾಹ್ನ ಕತೆಯ ಪುಟದಲ್ಲಿ ಅಂಚಿನಾಕಿ ಮೂರು ಸಾಲು ಹಾಕಿದಳು:

'ತಪ್ಪು ನಂದ ಐತಿ. ನಗೋರು ನಕ್ಕೋರಿ. ಆದಿತ್ಯವಾರ ಎಲ್ಲಾ ಅಳಿಸಿ ಬಿಡತೀನಿ.'

ಮೂವತ್ತೊಂದನೇ ಅಧ್ಯಾಯದ ಕೊನೆಗೆ ನೀಲವ್ವನ ಲಾರಿ ಬಿರುಕಿನ ನಟ್ಟನಡುವೆ ಸಿಕ್ಕಿಕೊಂಡಿತ್ತು. ಅದು ಈಚೆ ಬಂತೋ ಆಚೆ ಹೋಯಿತೋ ಇನ್ನು ಗೊತ್ತಾಗುವುದಿಲ್ಲ. ಭಾನುವಾರದ ಹೊತ್ತಿಗೆ ಹಿಂದಿನ ಮೂವತ್ತೂ ಇರುವುದಿಲ್ಲ. ಬೆಂಕಿ ಹಚ್ಚಿದವನು ಚಿತ್ರ ಮಾಡಿದವನು ಎಂದು ಬೈದುಕೊಳ್ಳಬಹುದಿತ್ತು. ಆದರೆ ಕಡ್ಡಿಪೆಟ್ಟಿಗೆ ಕೊಟ್ಟವರು ಯಾರು ಎಂಬುದು ಪ್ರಶಾಂತಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಸಮನೆ ಹನ್ನೊಂದು ಮೆಸೇಜು ಕಳಿಸಿದಳು. ಉತ್ತರವಿಲ್ಲ.

ಶುಕ್ರವಾರ ಕ್ಲಾಸಿಗೆ ಹೋಗದೆ ನಾರಾಯಣಪೇಟೆಯ ಬಸ್ಸು ಹತ್ತಿದಳು.

ಮನೆಯಲ್ಲಿ ಅವ್ವ ಎಲ್ಲಮ್ಮ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಮಗಳು ಬಂದು ಗೋಡೆಗೆ ಒರಗಿ ಕೂತದ್ದನ್ನು ನೋಡಿದಳು. ಕೈ ನಿಲ್ಲಿಸಲಿಲ್ಲ.

"ಫೇಲಾದೇನು?"

"ಇಲ್ಲ."

"ಯಾರರ ಏನರ ಅಂದ್ರೇನು?"

"ಇಲ್ಲಬೇ. ಒಂದು ಕತಿ ಬರ್ತಿತ್ತು, ನಿಂತು ಹೊಂಟೈತಿ."

ಎಲ್ಲಮ್ಮ ಎರಡು ಸಲ ಹಲಗೆ ಬಡಿದಳು. "ಕತೀಗೆ ಇಷ್ಟು ಮಾರಿ ಉಬ್ಬಿಸ್ಕೊಂಡು ಬಂದೀ? ಓದು ನೋಡೂನು. ಕೈ ಖಾಲಿ ಇಲ್ಲ, ಕಿವಿ ಖಾಲಿ ಅದಾವ."

ಪ್ರಶಾಂತಿ ಮನಸ್ಸಿಲ್ಲದ ಮನಸ್ಸಿನಿಂದ ಕೊನೆಯ ಅಧ್ಯಾಯ ಓದತೊಡಗಿದಳು. "ನೀಲವ್ವ ಬಲಗೈಲೆ ಲಾರಿ ಒಗದಳು. ಆಚಿ ಕಡಿಯಾಂವ ಹಿಡಕೊಂಡ."

"ಲಾರಿ ಒಗದ್ಲಾ?"

"ಅವರ ಲೋಕದಾಗ ತೂಕ ಕಡಿಮಿ ಇರತೈತಿ."

"ಹ್ಞೂಂ. ಮುಂದ?"

"ಲಾರಿ ಹೊಟ್ಟ್ಯಾಗ ಕಾಣಿಕಿ ಮುಗದಿತ್ತು. ಎಳಿ ಹರದು ನೇತಾಡಾಕತ್ತಿತ್ತು. ನೀಲವ್ವ ಎರಡು ತುದಿ ಹಿಡದು ಹೊಸದು ಗಂಟು ಹಾಕಿದಳು."

ಮಗ್ಗದ ಸದ್ದು ನಿಂತಿತು. ಎಲ್ಲಮ್ಮ ತನ್ನ ಕೈಯಲ್ಲಿದ್ದುದನ್ನು ಮಗಳ ಮುಂದೆ ಹಿಡಿದಳು. ಎರಡೂ ತುದಿ ಚೂಪಾದ, ನಡುವೆ ಟೊಳ್ಳಾದ, ಹಿಡಿದು ಹಿಡಿದು ನುಣುಪಾದ ಕಟ್ಟಿಗೆ.

"ಏನಿದು?"

"ನಾಡೆ."

"ಇದರ ಹೊಟ್ಟ್ಯಾಗ?"

"ಕಂಡೆ. ನೂಲು ಸುತ್ತಿದ್ದು."

"ಕಂಡೆ ಮುಗದ್ರ?"

"ನಾಡೆ ನಿಲ್ಲತೈತಿ. ಬ್ಯಾರೆ ಕಂಡೆ ಹಾಕಿ, ಗಂಟು ಕಟ್ಟಿ, ಮತ್ತ..." ಪ್ರಶಾಂತಿ ಒಮ್ಮೆ ಫೋನನ್ನು, ಒಮ್ಮೆ ಅವ್ವನ ಕೈಯನ್ನು ನೋಡಿದಳು.

"ನಿಮ್ಮಜ್ಜಿ ರಾಯಚೂರು ಕಡಿಯಾಕಿ ಇದ್ಲಲ್ಲ, ಆಕಿ ಇದಕ್ಕ ನಾಡೆ ಅಂತಿರಲಿಲ್ಲ. ಲಾಳಿ ಅಂತಿದ್ಲು. ಕಂಡೆಗೆ ಕಂಡಿಕಿ. ನಾವು ಇಲ್ಲಿ ತೆಲುಗರ ಸಂಗಡ ನೇಯ್ದು ನೇಯ್ದು ನಾಡೆ ಆತು." ಎಲ್ಲಮ್ಮ ಮತ್ತೆ ಕೆಲಸಕ್ಕೆ ಕೈ ಹಚ್ಚಿದಳು. "ನಿನ್ನ ಕತಿ ಹೇಳಾಕಿ ಲಾರಿ ಡ್ರೈವರ್ ಅಲ್ಲ. ನೇಕಾರಕಿ."

ಪ್ರಶಾಂತಿ ಫೋನಿನ ಮೈಕು ಒತ್ತಿ "ಲಾಳಿ" ಎಂದಳು. ಫೋನು 'ಲಾರಿ' ಎಂದು ಬರೆಯಿತು. ಬಿಡಿಸಿ ಬಿಡಿಸಿ ಹೇಳಿದಳು. ಲಾರಿ. "ಕಂಡಿಕೆ" ಎಂದಳು. 'ಕಾಣಿಕೆ'. ಮಗ್ಗ ಕಂಡು ಗೊತ್ತಿಲ್ಲದ ಯಂತ್ರ ತನಗೆ ಗೊತ್ತಿದ್ದ ಪದವನ್ನು ಬರೆದುಕೊಂಡಿತ್ತು. ಅದರದೇನು ತಪ್ಪು? ಹುಟ್ಟಿದಾಗಿನಿಂದ ಮಗ್ಗದ ಪಕ್ಕ ಮಲಗಿದವಳು ಒಂಬತ್ತು ಅಂಶ ಬರೆದಿದ್ದಳು. ಅವಳಿಗೆ ಮೊದಲು ನೆನಪಾದದ್ದು ಏಳನೆಯದು.

"ಲಾಳಿ ಎಷ್ಟು ಅದಾವ?" ಎಲ್ಲಮ್ಮ ಕೇಳಿದಳು.

"ಮೂರು. ಓಡಸೋರು ಇಬ್ಬರು. ಒಂದು ಲೋಕ ಮೆತ್ತಗ, ಒಂದು ಹೊಳೀತೈತಿ. ಬರಿಯಾಕಿ ಹೆಸರು ಅಂಚಿನಾಕಿ."

"ಹತ್ತಿ ಮೈ, ರೇಷ್ಮಿ ಅಂಚು. ನಡುವ ಕೂಡಸಬೇಕು. ಇದು ನಮ್ಮ ನಾರಾಯಣಪ್ಯಾಟಿ ಸೀರಿ ಅಲ್ಲವಾ. ನಾವು ಮಗ್ಗಕ್ಕ ಒಮ್ಮೆ ಹಾಸು ನೂಲು ಏರಿಸಿ ಎಂಟು ಸೀರಿ ತಗೀತೀವಿ, ಒಬ್ಬಾಕೀನ ಕುಂತು. ಮೂರು ನಾಡೆ ಇಬ್ಬರು ಅಂದ್ರ ಗದ್ವಾಲ್ ಸೀರಿ. ಅಂಚಿನಾಕಿ ಅಂತ ಹೆಸರ ಇಟ್ಕೊಂಡಾಳ, ಇನ್ನೇನು ಆಕಿ ಮನಿ ನಂಬರ್ ಕೊಡಬೇಕಿತ್ತೇನು?"

ಶನಿವಾರ ಬೆಳಿಗ್ಗೆ ಮಕ್ತಲ್‌ಗೆ ಒಂದು ಬಸ್ಸು, ಅಲ್ಲಿಂದ ಗದ್ವಾಲ್‌ಗೆ ಇನ್ನೊಂದು. ಜೂರಾಲ ಅಣೆಕಟ್ಟೆಯ ಮೇಲೆ ಬಸ್ಸು ನಿಧಾನವಾದಾಗ ಎಲ್ಲರೂ ಕಿಟಕಿಯಿಂದ ನೀರು ನೋಡಿದರು. ಪ್ರಶಾಂತಿ ನೋಡಲಿಲ್ಲ. ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದಳು. ನಿಮ್ಮ ಅಭಿಮಾನಿ ಎಂದು ಶುರು ಮಾಡುವುದೋ, ಕ್ಷಮಿಸಿ ಎಂದು ಶುರು ಮಾಡುವುದೋ ತೀರ್ಮಾನವಾಗುವಷ್ಟರಲ್ಲಿ ಊರು ಬಂತು.

ನೇಕಾರರ ಓಣಿಯಲ್ಲಿ ಅಂಜಯ್ಯ ಎಂಬ ಮುದುಕ ಕಟ್ಟೆಯ ಮೇಲೆ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಿದ್ದ. ಕನ್ನಡ ಮಾತಾಡುವ ನೇಕಾರ ಹೆಂಗಸಿನ ಮನೆ ಯಾವುದೆಂದು ಪ್ರಶಾಂತಿ ತೆಲುಗಿನಲ್ಲಿ ಕೇಳಿದಳು, ಅವನು ಕನ್ನಡದಲ್ಲಿ ಉತ್ತರಿಸಿದ.

"ಕನ್ನಡ ಮಾತಾಡೋರು ಅರ್ಧ ಓಣಿ ಅದಾರ. ಹೆಸರು ಹೇಳು."

"ಹೆಸರು ಗೊತ್ತಿಲ್ಲ ಕಾಕಾ. ನೇಯೋವಾಗ ಫೋನಿಗೆ ಮಾತಾಡ್ತಾರ."

"ಫೋನ್ನಾಗ ಯಾರು ಮಾತಾಡಂಗಿಲ್ಲ ಈಗ?"

"ಫೋನ್ನಾಗ ಅಲ್ರೀ, ಫೋನಿಗೆ. ಆ ಕಡಿ ಯಾರೂ ಇರಂಗಿಲ್ಲ."

ಅಂಜಯ್ಯನ ರಾಟೆ ನಿಂತಿತು. "ಹಂಗನ್ನು! ಅಮರಮ್ಮ. ಯಲ್ಲಯ್ಯನ ಹೇಣ್ತಿ. ನಾವು ಆಕೀಗೆ ಏನೋ ಬಡಕೊಂಡೈತಿ ಅಂತ ದರ್ಗಾಕ್ಕ ಕರಕೊಂಡು ಹೋಗು ಅಂತ ಯಲ್ಲಯ್ಯಗ ಹೇಳಿದ್ವಿ. ಆಂವ ನಕ್ಕೋತ ಇದ್ದ. ಬೇವಿನ ಗಿಡದ ಮನಿ, ಹೋಗು."

ಬೇವಿನ ಗಿಡದ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಮಗ್ಗ, ಅದಕ್ಕೆ ಇಬ್ಬರು. ಒಂದು ಬದಿಗೆ ಐವತ್ತರ ಹೆಂಗಸು, ಇನ್ನೊಂದು ಬದಿಗೆ ಅವಳಿಗಿಂತ ನಾಲ್ಕೈದು ವರ್ಷ ದೊಡ್ಡ ಗಂಡಸು. ಹೆಂಗಸಿನ ತಲೆಯ ಮೇಲೆ ಒಂದು ಹಗ್ಗಕ್ಕೆ ಫೋನು ತೂಗುಬಿದ್ದಿತ್ತು. ಈಗ ಅದಕ್ಕೆ ಯಾರೂ ಮಾತಾಡುತ್ತಿರಲಿಲ್ಲ.

"ಯಾರವಾ?" ಹೆಂಗಸು ಕೇಳಿದಳು.

"ಪ್ರಶಾಂತಿ ಅಂತರೀ. ನಿಮ್ಮ ಕತಿ ಓದತೀನ್ರೀ ಅಮ್ಮಾ. ಮಕ್ತಲ್ ಓದುಗಿ ಅಂತ ಬರಿಯಾಕಿ ನಾನ."

ಅಮರಮ್ಮನ ಕೈಯಲ್ಲಿದ್ದ ಲಾಳಿ ಕೈಯಲ್ಲೇ ಉಳಿಯಿತು. "ಆ ಒಂಬತ್ತು ಬರದಾಕಿ?"

"ಹೌದ್ರೀ," ಎಂದು ಪ್ರಶಾಂತಿ ಮುಗುಳ್ನಕ್ಕಳು. ಗುರುತು ಹಿಡಿದರಲ್ಲ ಎಂದು ಸಂತೋಷವಾಗಿತ್ತು.

"ಬಂದ ದಾರಿ ಹಿಡಿ."

"ಅಮ್ಮಾ..."

"ಮಂದಿ ನಕ್ರು, ಒಂದೊಂದು ಮಾತು ಅಂದು ಹೋದ್ರು. ನೀ ಕುಂತು ನಂಬರ್ ಹಾಕಿ ಒಂಬತ್ತು ಸಲ ನಕ್ಕೀದಿ. ತೆಂಗಿನಕಾಯಿ ಅಂತ, ಘಾಟಿ ಅಂತ, ಭಕ್ತಿ ಅಂತ! ನನ್ನ ಮಗಳು ಗಂಡನ ಊರು ಉಂಡವಳ್ಳಿಯಿಂದ ಫೋನ್ ಹಚ್ಚಿ ಓದಿ ಹೇಳಿದ್ಲು. ಏಳನೇದು ಕೇಳಿ ಬಂದ್ ಮಾಡವಾ ಅಂದೆ. ಈಗ ಮನೀಗೆ ಬಂದು ಏನ್ ನೋಡಾಕ ಬಂದಿ, ಲಾರಿ ಎಲ್ಲಿ ನಿಲ್ಲಸೀವಿ ಅಂತ?"

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಉಪಯೋಗಕ್ಕೆ ಬರಲಿಲ್ಲ. ಅಷ್ಟು ಜನರ ಗೇಲಿಯಲ್ಲಿ ಈ ಹೆಂಗಸಿಗೆ ಹೆಚ್ಚು ನಾಟಿದ್ದು ತನ್ನ ಹೊಗಳಿಕೆಯೇ ಎಂದು ತಿಳಿದು ಪ್ರಶಾಂತಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ನಾ ನಕ್ಕಿಲ್ರೀ. ಖರೇ ಬರದಿದ್ದೆ."

"ಏನ್ ಖರೇ? ಚುಕ್ಕಿ ನಡುವ ಲಾರಿ ಓಡತಾವಂತ ನಂಬಿದ್ದಿ?"

"ಹೌದ್ರೀ, ನಂಬಿದ್ದೆ! ನೀವು ಬರದೀರಿ ಅಂದ್ರ ಏನರ ಇರತೈತಿ ಅಂತ ನಂಬಿದ್ದೆ."

ಮಗ್ಗದ ಆಚೆ ಬದಿಯಿಂದ ಯಲ್ಲಯ್ಯ ಗೊಳ್ಳೆಂದು ನಕ್ಕ. "ಬಿಡ, ಹುಡುಗೀಗೆ ಮಗ್ಗ ಗೊತ್ತಿಲ್ಲ."

"ನಾ ನೇಕಾರ್ರ ಮಗಳ ಕಾಕಾ. ನಾರಾಯಣಪ್ಯಾಟಿಯಾಕಿ."

"ಮತ್ತ? ಲಾಳಿ ಗೊತ್ತಾಗಲಿಲ್ಲ? ಕಂಡಿಕಿ ಗೊತ್ತಾಗಲಿಲ್ಲ?"

"ನಮ್ಮ ಮನ್ಯಾಗ ನಾಡೆ ಅಂತಾರ್ರೀ." ಇದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. "ನಮ್ಮವ್ವ ನಿನ್ನಿ ಹೇಳಿದ ಮ್ಯಾಲೆ ಮಾಲೂಮಾತು."

ಯಲ್ಲಯ್ಯ ಕಣ್ಣೊರೆಸಿಕೊಂಡ. ಅಮರಮ್ಮ ನಗಲಿಲ್ಲ. ಆದರೆ ಹೋಗು ಎಂದು ಮತ್ತೊಮ್ಮೆ ಹೇಳಲೂ ಇಲ್ಲ. ಪ್ರಶಾಂತಿ ಅದನ್ನೇ ಹಿಡಿದುಕೊಂಡಳು.

"ನಗಾಕ ಬಂದಿದ್ರ ಇದು ಯಾಕ ನೆನಪಿಟ್ಕೊಳ್ಳಲಿ? ಒಂಬತ್ತನೇ ಅಧ್ಯಾಯದಾಗ ನೀಲವ್ವನ ಎಡಗೈ ಸುಟ್ಟೈತಿ. ಬೆರಳು ಮಡಚಾಕ ಬರಂಗಿಲ್ಲ ಅಂತ ನೀವ ಬರದೀರಿ. ಇಪ್ಪತ್ತೇಳರಾಗ ಎಡಗೈಲೆ ಒಗೀತಾಳ. ಹೆಂಗ? ಮೂರು ಸಲ ಮೆಸೇಜ್ ಮಾಡೀನಿ, ಒಂದು ಜವಾಬ್ ಇಲ್ಲ."

ಅಮರಮ್ಮ ಗಂಡನ ಕಡೆ ನೋಡಿದಳು.

"ಅವತ್ತ ಹೇಳಿದ್ದೆ ನಾನು," ಎಂದ ಯಲ್ಲಯ್ಯ.

"ನೀ ಏನ್ ಹೇಳಿದ್ದಿ? ತೂಕಡಸಾಕತ್ತಿದ್ದಿ." ಅವಳು ಲಾಳಿಯನ್ನು ಮಗ್ಗದ ಮೇಲಿಟ್ಟಳು. "ಎಡಗೈ. ಹೌದಲ್ಲ. ಅದು ಫೋನಿನ ತಪ್ಪಲ್ಲ, ನಂದ." ತಲೆಯ ಮೇಲಿನ ಫೋನಿನ ಕಡೆ ನೋಡಿ ಕೇಳಿದಳು: "ಮೆಸೇಜ್ ಅಂದ್ರ ಎಲ್ಲಿರತೈತಿ?"

ಪ್ರಶಾಂತಿ ಹಗ್ಗದಿಂದ ಫೋನು ಬಿಚ್ಚಿ ಮೂಲೆಯಲ್ಲಿದ್ದ ಒಂದು ಸಣ್ಣ ಲಕೋಟೆಯ ಗುರುತನ್ನು ಒತ್ತಿದಳು. ನಲವತ್ತಾರು ಮೆಸೇಜುಗಳಿದ್ದವು. ಒಂದನ್ನೂ ತೆರೆದಿರಲಿಲ್ಲ. ಎಲ್ಲವೂ ಒಬ್ಬಳವೇ.

ಅಮರಮ್ಮ ಏಳನೆಯವರೆಗೆ ರಾಯಚೂರು ಕಡೆಯ ಶಾಲೆಯಲ್ಲಿ ಕಲಿತವಳು. ಮದುವೆಯಾಗಿ ಬಂದ ಮೇಲೆ ಕನ್ನಡದ ಅಕ್ಷರ ಕಣ್ಣಿಗೆ ಬಿದ್ದದ್ದು ಕಡಿಮೆ. ಬೆರಳಿಟ್ಟು ನಿಧಾನವಾಗಿ, ಶಾಲೆಯ ಮಕ್ಕಳಂತೆ ದನಿ ತೆಗೆದು ಓದಿದಳು. ಎಲ್ಲಕ್ಕಿಂತ ಹಳೆಯದು ಒಂದು ವರ್ಷ ಎರಡು ತಿಂಗಳ ಹಿಂದಿನದು. "ಇಂಥ ಆಕಾಶ ನಾನು ಎಲ್ಲೂ ಓದಿಲ್ಲ. ನೀಲವ್ವನಿಗೆ ಏನೂ ಆಗಬಾರದು. ಮುಂದಿನದು ಯಾವಾಗ?" ಅಲ್ಲಿ ಲಾರಿಯ ಮಾತೇ ಇರಲಿಲ್ಲ. ಎರಡನೆಯದು ಓದಿದಳು, ಮೂರನೆಯದು ಓದಿದಳು. ಯಲ್ಲಯ್ಯ ಎದ್ದು ಹೋಗಿ ಒಂದು ತಂಬಿಗೆ ನೀರು ತಂದು ಪ್ರಶಾಂತಿಯ ಮುಂದಿಟ್ಟು ಬಂದ. ಅಮರಮ್ಮ ಹನ್ನೆರಡನೆಯದಕ್ಕೆ ನಿಲ್ಲಿಸಿದಳು.

"ಕುಂದ್ರು," ಎಂದಳು.

ಆಮೇಲೆ ವಿಷಯ ಒಂದೊಂದಾಗಿ ಹೊರಬಂತು. ಕತೆಯನ್ನು ಅಮರಮ್ಮ ಮೊದಲು ಹೇಳಿದ್ದು ಎದುರಿಗೆ ಕೂತ ಗಂಡನಿಗೆ, ಹೊತ್ತು ಕಳೆಯಲು. ಕೈ ಎರಡೂ ಲಾಳಿಗೆ ಬೇಕು, ಬಾಯಿ ಬಿಡುವಾಗಿರುತ್ತದೆ. ಮಗಳು ಶಿವರಂಜನಿ ಹೆರಿಗೆಗೆ ಬಂದಾಗ ಫೋನು ಕಟ್ಟಿಕೊಟ್ಟು, ಇದನ್ನು ಒತ್ತಿ ಮಾತಾಡು, ಇದನ್ನು ಒತ್ತಿ ಕಳಿಸು ಎಂದು ಎರಡು ಗುರುತು ತೋರಿಸಿ ಉಂಡವಳ್ಳಿಗೆ ಹೋದಳು. ಅಮರಮ್ಮನಿಗೆ ಗೊತ್ತಿದ್ದದ್ದು ಆ ಎರಡೇ.

"ತಿರುಗಿ ಓದತಿರಲಿಲ್ಲೇನ್ರೀ?"

"ನೇಯ್ದ ಸೀರಿ ಯಾರು ಬಿಚ್ಚಿ ನೋಡತಾರ? ಒಮ್ಮೆ ತಿದ್ದಾಕ ಹೋಗಿ ಆರನೇದು ಅರ್ಧ ಮಾಯಾಗಿ ಹೋತು. ಅವತ್ತಿಂದ ಮುಟ್ಟಿಲ್ಲ. ಲಾಳಿ ಹೋಗಿ ಲಾರಿ ಆಗೇತಿ ಅಂತ ಈ ವಾರ ಗೊತ್ತಾಗಿದ್ದು. ಮೂವತ್ತೊಂದು ಅಧ್ಯಾಯ ನಾ ಹೆಂಗ ತಿದ್ದಲಿ? ಅಳಸೋದು ಒಂದ ಗುರುತು. ಅದನ್ನೂ ಮಗಳು ನಾಳೆ ಫೋನ್ನಾಗ ಹೇಳಿಕೊಡ್ತೀನಿ ಅಂದಾಳ."

"ನಾ ತಿದ್ದತೀನ್ರೀ. ಇಲ್ಲೇ ಕುಂತು."

ಅಮರಮ್ಮ ಫೋನನ್ನು ಅವಳ ಕಡೆ ಸರಿಸಿದಳು. ಪ್ರಶಾಂತಿ ಒಂದನೇ ಅಧ್ಯಾಯ ತೆರೆದಳು. ತೆರೆದವಳು ತಡೆದಳು. ಕೇಳಬಾರದು ಎಂದು ಗೊತ್ತಿದ್ದೂ ಕೇಳಿದಳು.

"ಅಮ್ಮಾ, ಒಂದು ಮಾತು. ಲಾರಿನ ಇರಲಿ ಅಂದ್ರ? ಹೊಸಾದು ಅನಸ್ತೈತಿ. ನಾಲ್ಕನೇ ಅಂಶ, ವಾಪಸ್ ಬರೋದು, ಅದು ಜರಾ ಚಲೋ ಐತಿ..."

"ನಿನ್ನ ಲಾರಿ ನಿನ್ನ ಕತ್ಯಾಗ ಓಡಸು. ನನ್ನ ಲಾಳಿ ನನಗ ಕೊಡು."

ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸುವ ಸೌಲಭ್ಯ ಆ ಆ್ಯಪ್‌ನಲ್ಲಿ ಇರಲಿಲ್ಲ. ಒಂದೊಂದು ಲಾರಿಯನ್ನೂ ಹುಡುಕಿ ಅಳಿಸಿ ಲಾಳಿ ಎಂದು ಬರೆಯಬೇಕು. ಪ್ರಶಾಂತಿ ಬರೆದಳು. ಲಾಳಿ ಬಂದ ಕೂಡಲೇ ವಾಕ್ಯಗಳು ತಮ್ಮ ತೂಕಕ್ಕೆ ಬರುತ್ತಿದ್ದವು. ನೀಲವ್ವ ಒಗೆದದ್ದು ಒಗೆಯುವಂಥದೇ ಆಯಿತು. ಐದನೇ ಅಂಶ ಹೋಯಿತು. ಕಾಣಿಕೆ ಕಂಡಿಕೆಯಾದಾಗ ಏಳನೆಯದು ಹೋಯಿತು. ತನ್ನ ಬುದ್ಧಿವಂತಿಕೆಯನ್ನು ತಾನೇ ಒಂದೊಂದಾಗಿ ಕೀಳುವುದು ಖುಷಿಯ ಕೆಲಸವಲ್ಲ. ಆದರೆ ಕತೆ ಮೊದಲಿಗಿಂತ ಚೆನ್ನಾಗುತ್ತಿತ್ತು, ಅದನ್ನು ಒಪ್ಪದಿರುವುದು ಅವಳಿಂದಾಗಲಿಲ್ಲ.

ತಿದ್ದಿದ್ದನ್ನು ಅವಳು ಓದಿ ಹೇಳುತ್ತಿದ್ದಳು. ಇಬ್ಬರೂ ನೇಯುತ್ತಾ ಕೇಳುತ್ತಿದ್ದರು. ಹದಿನೆಂಟನೇ ಅಧ್ಯಾಯದಲ್ಲಿ ಅಮರಮ್ಮ ಥಟ್ಟನೆ ಕೈ ಎತ್ತಿದಳು.

"ಏನಂದಿ? ಮತ್ತೊಮ್ಮೆ ಓದು."

"ನೀಲವ್ವನ ಅಪ್ಪ ಮನಿ ಸಾಮಾನು ಲಾಳ್ಯಾಗ ಹೇರಿದ."

"ಅದು ಲಾರಿ. ಖರೇ ಲಾರಿ. ನನ್ನ ತವರೂರು ಡ್ಯಾಮಿನ ನೀರಾಗ ಹೋದಾಗ ಬಂದಿತ್ತು. ಅದನ್ನ ಮುಟ್ಟಬ್ಯಾಡ."

ಪ್ರಶಾಂತಿ ಅದನ್ನು ಮೊದಲಿದ್ದಂತೆ ಮಾಡಿದಳು. ಅಲ್ಲಿಂದ ಮುಂದೆ ಕೇಳದೆ ಒಂದನ್ನೂ ಬದಲಿಸಲಿಲ್ಲ.

ನಾಲ್ಕು ಗಂಟೆಗೆ ಮೂವತ್ತೊಂದನೆಯದು ಮುಗಿಯಿತು. ಬಿರುಕಿನಲ್ಲಿ ಸಿಕ್ಕಿಕೊಂಡದ್ದು ಈಗ ಲಾಳಿ. ಅದು ಆಚೆ ಕೈಗೆ ಸಿಗುವವರೆಗೆ ಆಕಾಶ ಬೆಳೆಯುವುದಿಲ್ಲ. ಯಲ್ಲಯ್ಯ ಮಗ್ಗದ ಮೇಲಿಂದ ಬಗ್ಗಿ ಪಿಸುಗುಟ್ಟಿದ.

"ಕಡೀಕ ಏನಾಗತೈತಿ ನನಗ ಗೊತ್ತು. ಎರಡು ವರ್ಷ ಆತು ಕೇಳಿ. ಹೇಳಲೇನು?"

ಪ್ರಶಾಂತಿ ಎರಡೂ ಕಿವಿ ಮುಚ್ಚಿಕೊಂಡಳು. "ಬ್ಯಾಡ ಕಾಕಾ! ಕೈ ಮುಗೀತೀನಿ, ಹೇಳಬ್ಯಾಡ್ರೀ!"

ಆಗ ಅಮರಮ್ಮ ನಕ್ಕಳು. ಮೇಲಿನ ಸಾಲಿನ ಒಂದು ಹಲ್ಲು ಇರಲಿಲ್ಲ. "ಹೇಳಂದ್ರ ಹೇಳೇ ಬಿಡತಾನ, ಅವನ ಮಾತು ಕೇಳಬ್ಯಾಡ. ಇಕಾ ಹುಡುಗಿ, ಆ ಳ ಅಕ್ಷರ ಎಲ್ಲೈತಿ ತೋರಸು."

ಪ್ರಶಾಂತಿ ತೋರಿಸಿದಳು. ಅಮರಮ್ಮ ಲಾ ಬರೆದಳು, ಳಿ ಹುಡುಕಿದಳು, ತಪ್ಪಿ ಲಿ ಒತ್ತಿದಳು, ಅಳಿಸಿದಳು. ನಾಲ್ಕನೇ ಸಲಕ್ಕೆ ಸರಿಯಾಯಿತು. ನಾಳೆ ಅಳಿಸುತ್ತೀರೋ ಇಲ್ಲವೋ ಎಂದು ಪ್ರಶಾಂತಿ ಕೇಳಬೇಕೆಂದುಕೊಂಡಳು. ಕೇಳಲಿಲ್ಲ. ಮುಂದಿನದನ್ನು ಸ್ವಲ್ಪ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದಳು.

"ನೀ ಎದುರಿಗಿದ್ರ ನನಗ ಬಾಯಿ ಬರಂಗಿಲ್ಲ. ಬಸ್ ಹೊತ್ತಾತು, ಹೋಗು."

ಬಸ್ಸಿನಲ್ಲಿ ಕೂತು ಪ್ರಶಾಂತಿ ಫೇಸ್‌ಬುಕ್ ಗುಂಪು ತೆರೆದಳು. ತನ್ನ ಒಂಬತ್ತು ಅಂಶಗಳನ್ನು ಅಳಿಸಲಿಲ್ಲ. ಅವುಗಳ ಮೇಲೆ ಬರೆದಳು: 'ಲಾರಿ ಅಲ್ಲ, ಲಾಳಿ. ಕಾಣಿಕೆ ಅಲ್ಲ, ಕಂಡಿಕೆ. ಬರೆದವರು ಮಗ್ಗದಲ್ಲಿ ಕೂತು ಬಾಯಲ್ಲಿ ಹೇಳಿದ್ದನ್ನು ಫೋನು ತಪ್ಪು ಕೇಳಿಸಿಕೊಂಡಿದೆ. ನಾನು ನೇಕಾರರ ಮಗಳು, ಆದರೂ ತಿಳಿಯಲಿಲ್ಲ. ಕೆಳಗಿನ ಒಂಬತ್ತೂ ತಪ್ಪು. ಕತೆಯನ್ನು ಮತ್ತೊಮ್ಮೆ ಓದಿ.'

ಮಕ್ತಲ್ ಬರುವಷ್ಟರಲ್ಲಿ ನಗುವ ಮುಖಗಳು ಬಹಳ ಬಂದಿದ್ದವು. 'ಕವರ್ ಮಾಡ್ತಿದ್ದೀರಾ?' ಎಂದು ಒಬ್ಬ ಕೇಳಿದ್ದ. ಆ ಚಿತ್ರ ಮಾಡಿದವನು ಮಾತ್ರ, 'ಹೌದಾ? ಹಾಗಾದ್ರೆ ಮೊದಲಿಂದ ಓದ್ತೀನಿ' ಎಂದು ಬರೆದಿದ್ದ. ಅವನ ಮಾತು ನಂಬುವುದೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಈ ವಾರ ಅವಳ ನಂಬಿಕೆಗಳ ಗತಿ ಅಷ್ಟೇನೂ ಚೆನ್ನಾಗಿರಲಿಲ್ಲ.

ಭಾನುವಾರ ಹಾಸ್ಟೆಲ್‌ನಲ್ಲಿ ಬಟ್ಟೆ ಒಗೆಯುವ ದಿನ. ಪ್ರಶಾಂತಿ ಬಕೆಟ್ಟಿನ ಪಕ್ಕ ಫೋನಿಟ್ಟುಕೊಂಡು ಸಾಬೂನಿನ ಕೈ ಒರೆಸಿಕೊಂಡು ಒರೆಸಿಕೊಂಡು ನೋಡುತ್ತಿದ್ದಳು. ಒಂಬತ್ತು ಗಂಟೆಗೆ ಕತೆ ಇತ್ತು. ಹತ್ತಕ್ಕೆ ಇತ್ತು. ಹನ್ನೊಂದಕ್ಕೆ ಗುರುವಾರದ ಆ ಮೂರು ಸಾಲುಗಳಿರಲಿಲ್ಲ.

ಹನ್ನೊಂದೂಕಾಲಿಗೆ ಮೂವತ್ತೆರಡನೇ ಅಧ್ಯಾಯ ಬಂತು.

"ಬಂತೇನಲೇ?" ಬಸವೇಶ್ವರಿ ನಲ್ಲಿಯ ಹತ್ತಿರದಿಂದ ಕೂಗಿದಳು.

"ಬಂತು."

"ಲಾರಿ ಏನಾತು?"

"ಬಾಯಿ ಮುಚ್ಚು. ಓದಾಕತ್ತೀನಿ."

ಮೊದಲ ಸಾಲಿನಲ್ಲೇ 'ಲಾಳಿ' ಎಂದಿತ್ತು. ಎರಡನೇ ಸಾಲಿನಲ್ಲೂ ಲಾಳಿ. ಆ ಪದ ಬಂದ ಕಡೆಯಲ್ಲೆಲ್ಲ ಅಮರಮ್ಮ ನೇಯುವುದನ್ನು ನಿಲ್ಲಿಸಿ, ಬೆರಳಿನಿಂದ ಹುಡುಕಿ ಹುಡುಕಿ ಒತ್ತಿರಬೇಕು. ಉಳಿದದ್ದೆಲ್ಲ ಫೋನಿನ ಕೈಯಲ್ಲೇ ಬಿಟ್ಟಿದ್ದಳು. ಮೂರನೇ ಸಾಲಿನಲ್ಲಿ ಕಂಡಿಕೆ ಮತ್ತೆ ಕಾಣಿಕೆಯಾಗಿತ್ತು. ಐದನೆಯದರಲ್ಲಿ ನೀಲವ್ವ ನೀರವ್ವಳಾಗಿದ್ದಳು. ಅಮರಮ್ಮನಿಗೆ ಫೋನು ಮಾಡಿ ಹೇಳಬಹುದಿತ್ತು.

ಪ್ರಶಾಂತಿ ಬಕೆಟ್ಟನ್ನು ಕಾಲಿನಿಂದ ಆಚೆ ಸರಿಸಿ, ಒದ್ದೆ ಕಟ್ಟೆಯ ಮೇಲೆ ಹಾಗೇ ಕೂತಳು. ತಿದ್ದುವುದು ಆಮೇಲೆ. ಮೊದಲು ಓದಬೇಕಿತ್ತು.